ಹಳದಿ ಟೇಪಿನ ಕಿವಿ

ಮೊದಲು ಗೊತ್ತಾದದ್ದು ಮೂಗಿಗೆ. ಹೊಳೆನರಸೀಪುರದಾಚೆ ಹೇಮಾವತಿಯ ದಡದಲ್ಲಿರುವ ಪಂಪ್‌ಹೌಸಿನ ಕಾವಲುಗಾರ ಚನ್ನಪ್ಪ ಬೆಳಗಿನ ಬೀಡಿ ಬಾಯಿಗಿಟ್ಟವನು ಕಡ್ಡಿ ಗೀರುವ ಮೊದಲೇ ನಿಂತುಬಿಟ್ಟ. ಏನೋ ಸುಟ್ಟ ವಾಸನೆ. ಒಳಗೆ ಓಡಿ ನೋಡಿದರೆ ಒಂದನೇ ನಂಬರಿನ ಮೋಟಾರು ಹೊಗೆಯಾಡುತ್ತಿತ್ತು. ರಾತ್ರಿ ಪಾಳಿಯ ಆಪರೇಟರ್ ದ್ಯಾವಯ್ಯ ಮೇನ್ ಸ್ವಿಚ್ ಕೆಳಗೆಳೆದು, ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಪುರಸಭೆಯ ಜೂನಿಯರ್ ಎಂಜಿನಿಯರ್ ದೇವರಾಜ್ ಬಂದರು. ಪ್ಯಾನಲ್ಲಿನ ಬಾಗಿಲು ತೆಗೆದರು. ಇರಬಾರದ ಒಂದು ತುಂಡು ವೈರು—ಹಳದಿ ಟೇಪು ಸುತ್ತಿದ್ದು—ಪ್ರಿವೆಂಟರಿನ ಎರಡು ಕಾಲುಗಳಿಗೆ ಸೇತುವೆ ಹಾಕಿ ಕೂತಿತ್ತು.

ಪ್ರಿವೆಂಟರ್ ಅಂದರೆ ಮೋಟಾರಿನ ಕಾವಲುಗಾರ. ಕರೆಂಟಿನ ಮೂರು ಫೇಸುಗಳಲ್ಲಿ ಒಂದು ಕೈಕೊಟ್ಟರೂ ಅದು ಮೋಟಾರನ್ನು ತಟ್ಟನೆ ನಿಲ್ಲಿಸಬೇಕು. ಆ ತುಂಡು ವೈರು ಕಾವಲುಗಾರನ ಬಾಯಿ ಕಟ್ಟಿತ್ತು. ರಾತ್ರಿ ಗಾಳಿಗೆ ಕಂಬದ ಮೇಲಿನ ಒಂದು ಫ್ಯೂಸು ಹೋಗಿದೆ. ಮೋಟಾರು ನಿಲ್ಲಲಿಲ್ಲ. ಮೂರು ಜನ ಹೊರುವ ಭಾರವನ್ನು ಇಬ್ಬರ ಮೇಲೆ ಹೇರಿದಂತಾಗಿ, ಒಳಗಿನ ವೈಂಡಿಂಗೆಲ್ಲ ಸುಟ್ಟು ಕರಿಯಾಯಿತು.

ದೇವರಾಜ್ ಅದರ ಫೋಟೊ ತೆಗೆದು ನೀರಿನ ಯೋಜನೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೊಂದು ಪ್ರಶ್ನೆ: ‘ಇದು ಯಾರ ಕೆಲಸ?’

ಆಗ ಬಿಂದುಶ್ರೀ ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ಮಂಡಿಯ ಹಿಂದೆ ಏಳುತ್ತಿದ್ದ ಹೊಸ ನೀರಿನ ಟ್ಯಾಂಕಿನ ಕೆಳಗೆ ಟೀ ಕುಡಿಯುತ್ತಿದ್ದಳು. ಈ ಸುತ್ತಿನ ತಾಲ್ಲೂಕುಗಳಿಗೆಲ್ಲ ಕುಡಿಯುವ ನೀರಿನ ಕೆಲಸ ಹಿಡಿದ ಕಂಪನಿಯಲ್ಲಿ ಅವಳು ಎಲೆಕ್ಟ್ರಿಕಲ್ ಎಂಜಿನಿಯರ್. ಎಡಗೈಯಲ್ಲಿ ಲೋಟ ಹಿಡಿದು, ಬಲಗೈ ಹೆಬ್ಬೆರಳಲ್ಲಿ ಒತ್ತಿದಳು: ‘ಪದೇ ಪದೇ ಟ್ರಿಪ್ ಆಗದಿರಲಿ ಅಂತ ಆಪರೇಟರ್ ಬೈಪಾಸ್ ಮಾಡಿದ್ದಾನೆ. ಅನುಮಾನವೇ ಇಲ್ಲ.’

ಯಾವ ಆಪರೇಟರ್ ಎಂದು ಕೇಳಲೂ ಇಲ್ಲ. ಗುಂಪಿನಲ್ಲಿದ್ದ ದೊಡ್ಡವರೆಲ್ಲ ಒಬ್ಬರ ಹಿಂದೊಬ್ಬರು ಹೆಬ್ಬೆರಳಿನ ಚಿತ್ರ ಒತ್ತಿದರು. ಅವಳ ಟೀ ಇನ್ನೂ ಬಿಸಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅರಕಲಗೂಡಿನಿಂದ ತಾಯಿ ಶಾಂತಿಯ ಫೋನು ಬಂತು.

“ಬಿಂದೂ, ನಮ್ಮ ಹೊನ್ನಕ್ಕನ ಗಂಡನ್ನ ಕೆಲ್ಸದಿಂದ ತಗದ್ರಂತೆ ಕಣೆ. ಮೋಟ್ರು ಸುಟ್ಟಾಕ್ದ ಅಂತ ಪೊಲೀಸ್‌ಗೂ ಕೊಡ್ತಾರಂತೆ. ಯಾರೋ ಇಂಜಿನಿಯರು ಫೋಟೊ ನೋಡ್ಬುಟ್ಟೇ ಇವನೇ ಅಂದ್ಬುಟ್ರಂತೆ. ನೀನು ಅದೇ ಕಂಪ್ನಿ ಅಲ್ವಾ? ಸೊಲ್ಪ ಓಗಿ ನೋಡವ್ವ.”

ಹೊನ್ನಕ್ಕ ತಾಯಿಯ ಕೇರಿಯವಳು. ಮದುವೆಯಾಗಿ ಹೊಳೆನರಸೀಪುರಕ್ಕೆ ಬರುವವರೆಗೂ ಇವಳನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಅವಳ ಗಂಡ ದ್ಯಾವಯ್ಯ ಆ ಪಂಪ್‌ಹೌಸಿನಲ್ಲಿದ್ದಾನೆ ಎಂಬುದು ಬಿಂದುಶ್ರೀಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಬರೆಯುತ್ತಿದ್ದಳೇ? ಬೇರೆ ಯಾರೋ ಆಗಿದ್ದರೆ ಬರೆಯಬಹುದಿತ್ತೇ? ಈ ಎರಡನೆಯ ಪ್ರಶ್ನೆ ದಾರಿಯುದ್ದಕ್ಕೂ ಅವಳ ಜೊತೆಗೇ ಬೈಕಿನಲ್ಲಿ ಕೂತು ಬಂತು.

ಪಂಪ್‌ಹೌಸಿನ ಗೇಟಿನ ಎದುರು ಹೊಂಗೆಮರದ ಕೆಳಗೆ ಹೊನ್ನಕ್ಕ ಕೂತಿದ್ದಳು. ಬಿಂದುಶ್ರೀಯನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

“ಬಂದ್ಯಾ ನನ್ನವ್ವ! ನೀನು ಬಂದ್ಮೇಲೆ ನಂಗೆ ಯಾರ ಭಯವೂ ಇಲ್ಲ. ನಮ್ಮ ಯಜಮಾನ್ರು ಅಂಗೆ ಮಾಡೋರಲ್ಲ ಕಣವ್ವ.”

“ನೋಡ್ತೀನಿ ಚಿಕ್ಕವ್ವ.”

“ವೈರ್ ಆಕ್ದೋನು ಸಿಕ್ರೆ ಸಿಗ್ಲಿ, ಬಿಟ್ರೆ ಬಿಡ್ಲಿ. ಎಲ್ಲೋ ಕುಂತ್ಕಂಡು ಪೋಟ ನೋಡಿ ಇವನೇ ಅಂದ್ನಲ್ಲ, ಅವನು ಯಾರು ಅಂತ ನಂಗೆ ತೋರ್ಸು. ಬೈಯಾಕಿಲ್ಲ, ಒಡಿಯಾಕಿಲ್ಲ. ಒಂದ್ ಸಲ ಅವನ ಮಕ ನೋಡ್ಬೇಕು, ಅಷ್ಟೇಯ.”

ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಬಿಂದುಶ್ರೀ ಗೇಟು ದಾಟಿದಳು. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮೊದಲು ತನಿಖೆ ಆಗಲಿ, ಆಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಒಂದು ನೆಪ ಕೊಟ್ಟುಕೊಂಡಳು.

ಒಳಗೆ ದೇವರಾಜ್ ಬೋನಿಗೆ ಬಿದ್ದ ಹುಲಿಯಂತೆ ಅತ್ತಿಂದಿತ್ತ ಓಡಾಡುತ್ತಿದ್ದರು. ಊರಿಗೆ ನೀರು ನಿಂತಿತ್ತು; ಅವರ ಫೋನು ನಿಂತಿರಲಿಲ್ಲ.

“ಮೇಡಂ, ತನಿಖೆ ಗಿನಿಖೆ ಆಮೇಲೆ. ಎರಡನೇ ಪಂಪು ಹಾಕಿಬಿಡಿ. ಅದರ ಕೆಟ್ಟ ವಾಲ್ವಿನ ಬದಲು ಹೊಸದು ಹೋದ ವಾರವೇ ಬಂದು ಕೂತಿದೆ. ಪ್ಯಾನಲ್ ಬೀಗ ಮಾತ್ರ ನಿಮ್ಮ ಕಂಪನಿದು.”

“ಕಂಬದ ಮೇಲಿನ ಫ್ಯೂಸು ಹಾಕಿದ್ರಾ?”

“ಲೈನ್‌ಮನ್ ಹೋಗಿದ್ದಾನೆ. ಕರೆಂಟೇನೋ ಇದೆ, ಲೈಟು ಉರೀತಿದೆಯಲ್ಲ.”

“ಲೈಟಿಗೆ ಒಂದು ಫೇಸು ಸಾಕು ಸರ್, ಮೋಟಾರಿಗೆ ಮೂರೂ ಬೇಕು. ನಾನು ಹೇಳೋವರೆಗೂ ಯಾರೂ ಏನೂ ಮುಟ್ಟಬೇಡಿ.”

ಕಂಪನಿಯ ಮ್ಯಾನೇಜರ್ ಶಿವಕುಮಾರ್ ಹಾಸನದಿಂದ ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. “ನೀನೇ ಬೆಳಿಗ್ಗೆ ತೀರ್ಪು ಕೊಟ್ಟಾಗಿದೆಯಲ್ಲ ಬಿಂದು. ಮತ್ತೇನು ಬಾಕಿ?” ಎಂದರು.

ಗೋಡೆಗೊರಗಿ ನಿಂತಿದ್ದ ದ್ಯಾವಯ್ಯ ಆ ಮಾತಿಗೆ ತಲೆಯೆತ್ತಿ ಅವಳನ್ನು ನೋಡಿದ. ಬಿಂದುಶ್ರೀ ಪ್ರಶ್ನೆ ಕೇಳುವಾಗ ಅವನ ಅಂಗಿಯ ಗುಂಡಿಯನ್ನಷ್ಟೇ ನೋಡಿದಳು.

“ಪ್ಯಾನಲ್ ಬಾಗಿಲು ನೀವು ಯಾವಾಗಾದ್ರೂ ತೆಗೆದಿದ್ರಾ?”

“ಇಲ್ಲ ಮೇಡಂ. ಒರಗ್ಲ ಬಟನ್ ಒತ್ತದು, ಸುರು ಮಾಡದು. ಒತ್ತದು, ನಿಲ್ಸದು. ಒಳೀಕೆ ಕೈ ಆಕ್ಬ್ಯಾಡಿ ಅಂದವ್ರೆ.”

“ಲೈನ್ ಏರುಪೇರಾದಾಗ ಮೋಟಾರು ತಾನಾಗಿ ನಿಲ್ತಿತ್ತಾ?”

“ನಾನು ಬಂದಾಗಿಂದ ಒಂದ್ ದಿನವೂ ನಿಂತಿಲ್ಲ.”

“ಒಂದು ದಿನವೂ?”

“ಗೊರೂರ ಕಡೆ ಇದ್ದಾಗ ಅಲ್ಲಿ ಮೋಟ್ರು ಗಳಿಗೆಗೊಂದ್ಸಲ ನಿಂತೋಗ್ತಿತ್ತು. ಇಲ್ಲಿ ಒಸ ಮಿಷಿನ್ನು, ಚೆಂದಾಗವೆ ಅಂದ್ಕಂಡೆ.”

ಶಿವಕುಮಾರ್ ಚಿಟಿಕೆ ಹೊಡೆದರು. “ಕೇಳಿಸ್ತಾ? ಬಂದ ದಿನವೇ ವೈರ್ ಹಾಕ್ಕೊಂಡು ಹಾಯಾಗಿ ಮಲಗಿದ್ದಾನೆ!”

“ಅಥವಾ ಅವರು ಬರೋ ಮೊದಲೇ ಅದು ಅಲ್ಲಿತ್ತು,” ಎಂದಳು ಬಿಂದುಶ್ರೀ. ಮಾತು ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಭಾರ ಎಂದು ಅವಳಿಗೇ ಅನ್ನಿಸಿತು.

ಹಗಲು ಪಾಳಿಯ ಆಪರೇಟರ್ ಮಂಜುನಾಥ ಬಾಗಿಲ ಬಳಿ ಬ್ಯಾಗು ಬೆನ್ನ ಹಿಂದೆ ಸರಿಸುತ್ತ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ—ಅವನ ಗತಿಯೂ ಹಾಗೇ ಆಗಿತ್ತು.

“ಬ್ಯಾಗಲ್ಲಿ ಏನಿದೆ ಮಂಜುನಾಥ?”

“ಊಟದ ಡಬ್ಬಿ ಮೇಡಂ.”

“ಮತ್ತೆ?”

ಮತ್ತೆ ಒಂದು ಸುರುಳಿ ಹಳದಿ ಟೇಪು ಬಂತು. ದೇವರಾಜ್ ಕಣ್ಣರಳಿಸಿದರು. ಮಂಜುನಾಥನ ಮುಖ ಬಿಳಿಚಿತು.

“ಸ್ಟೋರಿಂದ ತಗಂಡಿದ್ದು ನಿಜ ಮೇಡಂ. ಮನೇಲಿ ಮಿಕ್ಸಿ ವೈರು ಕಿತ್ತೋಗಿತ್ತು, ಅದಕ್ಕೆ ಸುತ್ತಾನ ಅಂತ. ನಮ್ಮವ್ವನ ಆಣೆ, ಪ್ಯಾನಲ್ ತಂಟೆಗೆ ಓಗಿಲ್ಲ.”

ಬಿಂದುಶ್ರೀಗೆ ಒಂದು ಗಳಿಗೆ ಆಸೆಯಾಯಿತು. ಇವನೇ ಆಗಿರಲಿ. ದ್ಯಾವಯ್ಯನೂ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ. ಕದ್ದ ಟೇಪು ಕೈಯಲ್ಲೇ ಇದೆ, ಯಾರು ಬೇಡ ಅನ್ನುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಬೆಳಿಗ್ಗೆಯೇ ಒಮ್ಮೆ ಮಾಡಿಯಾಗಿತ್ತು. ಇನ್ನೊಮ್ಮೆ ಮಾಡುವುದು ಎಷ್ಟು ಸುಲಭ ಎಂದು ತಿಳಿದು ಅವಳಿಗೆ ನಾಚಿಕೆಯಾಯಿತು.

ಟಾರ್ಚು ಹಿಡಿದು ಸುಟ್ಟ ಮೋಟಾರಿನ ಪ್ಯಾನಲ್ಲಿನೊಳಗೆ ಬಗ್ಗಿದಳು. ಅಲ್ಲಿತ್ತು ವೈರು. ಫೋಟೊದಲ್ಲಿ ನಡುಭಾಗವಷ್ಟೇ ಕಂಡಿತ್ತು. ಟೇಪಿನ ತುದಿ ಈಗ ಕಂಡಿತು. ಅದು ಅಂಟಿರಲಿಲ್ಲ. ಉಗುರಿನಷ್ಟು ಮಡಚಿ, ಕಿವಿಯಂತೆ ಹೊರಗೆ ಬಿಟ್ಟಿತ್ತು.

ಟೇಪನ್ನು ಶಾಶ್ವತವಾಗಿ ಸುತ್ತುವವನು ತುದಿಯನ್ನು ಒತ್ತಿ ಅಂಟಿಸುತ್ತಾನೆ. ಕಿವಿ ಬಿಡುವವನು ಅದನ್ನು ಮತ್ತೆ ಬಿಚ್ಚಲಿರುವವನು—ಬೆರಳಿಗೆ ಸಿಕ್ಕಿ ಸಲೀಸಾಗಿ ಎಳೆಯಲು ಬರಲಿ ಎಂದು. ಅವಳು ಅದರ ಹತ್ತಿರಕ್ಕೆ ಬೆರಳು ಒಯ್ದವಳು ಹಿಂದೆಗೆದಳು. ಹಾಗೆ ಕಿವಿ ಬಿಡುವವರು ಬೇಕಾದಷ್ಟು ಜನ ಇದ್ದಾರೆ ಎಂದು ಸಮಾಧಾನ ಹೇಳಿಕೊಂಡಳು.

“ಇಬ್ಬರೂ ಬನ್ನಿ. ಮೇಜಿನ ಮೇಲಿನ ಈ ತುಂಡು ವೈರುಗಳಿಗೆ ನನ್ನ ಮುಂದೆ ಟೇಪು ಸುತ್ತಿ.”

ಮಂಜುನಾಥ ಗಡಿಬಿಡಿಯಲ್ಲಿ ಸುತ್ತಿ, ಹಲ್ಲಲ್ಲಿ ಕಚ್ಚಿ ಹರಿದು, ತುದಿಯನ್ನು ತೊಡೆಗೆ ಉಜ್ಜಿ ಅಂಟಿಸಿದ. ದ್ಯಾವಯ್ಯ ಬಿಗಿಯಾಗಿ ಸುತ್ತಿ, ಹೆಬ್ಬೆರಳಲ್ಲಿ ನಾಲ್ಕು ಸಲ ಒತ್ತಿದ. ಕಿವಿ ಯಾರೂ ಬಿಡಲಿಲ್ಲ.

“ಇದೇನು ಸರ್ಕಸ್ಸು?” ಎಂದು ಶಿವಕುಮಾರ್ ಗೊಣಗಿದರು.

ಅವಳು ಮತ್ತೆ ಪ್ಯಾನಲ್ಲಿಗೆ ಬಗ್ಗಿದಳು. ಟೇಪಿನ ನಡುವೆ ಕಂದುಗೆಂಪು ಕಲೆಯೊಂದಿತ್ತು. ಫೋಟೊದಲ್ಲಿ ಅದನ್ನು ಬಿಸಿಗೆ ಸೀದ ಗುರುತು ಎಂದುಕೊಂಡಿದ್ದಳು. ಆದರೆ ಈ ಸಣ್ಣ ವೈರಿನಲ್ಲಿ ಸೀಯುವಷ್ಟು ಕರೆಂಟು ಎಲ್ಲಿ ಹರಿಯುತ್ತದೆ? ಬೆರಳಿಂದ ಉಜ್ಜಿದಳು. ಸೀದ ಕಲೆ ಬೆರಳಿಗೆ ಬರುವುದಿಲ್ಲ. ಇದು ಬಂತು. ಕೆಂಪಗೆ, ಪುಡಿಪುಡಿಯಾಗಿ.

ಕುಂಕುಮ!

ಯಂತ್ರವಿದ್ದ ಕಡೆ ಕುಂಕುಮವಿರುವುದು ಈ ಸೀಮೆಯಲ್ಲಿ ಎಷ್ಟು ಸಹಜವೆಂದರೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆಯಿಂದ ಅದೆಷ್ಟು ಜನ ಆ ಫೋಟೊ ನೋಡಿದ್ದರು! ಬಿಂದುಶ್ರೀಯ ಮನೆಯಲ್ಲಂತೂ ಬುದ್ಧನ ಪಟವೇ ಹೊರತು ಕುಂಕುಮದ ಬಟ್ಟಲಿಲ್ಲ.

“ಚನ್ನಪ್ಪನೋರೇ, ಇದರೊಳಗೆ ಕುಂಕುಮ ಇಟ್ಟಿದ್ದು ಯಾರು?”

“ನಾನೇಯ ಮೇಡಂ. ತಪ್ಪಾಯ್ತಾ?” ಚನ್ನಪ್ಪ ಗಾಬರಿಯಾದ. “ಆಯುಧಪೂಜೆ ದಿನ ಮೇನ್ ಆಪ್ ಮಾಡ್ಸಿ, ನಿಮ್ಮ ಕಂಪ್ನಿ ಉಡುಗ್ರ ಕೈಲಿ ಈ ಬಾಗ್ಲು ತಗ್ಸಿದ್ದೆ. ಪಕ್ಕದ್ದು ಬೀಗ ಆಕಿತ್ತು, ಅದಕ್ಕೆ ಒರಗ್ಲಿಂದ್ಲೇ ಇಟ್ಟೆ. ಇದ್ರೊಳಗೆ ಕಂಡಿದ್ದಕ್ಕೆಲ್ಲ ಒಂದೊಂದ್ ಬೊಟ್ಟು. ಅಳದಿ ಮ್ಯಾಲೆ ಕೆಂಪು ಲಕ್ಷಣವಾಗಿ ಕಾಣ್ತದೆ ಅಂತ ಅದುಕ್ಕೂ ಇಟ್ಟೆ.”

“ಅಂದ್ರೆ ಆ ಹಳದಿ ಟೇಪು ಆವತ್ತೇ ಅಲ್ಲಿತ್ತು?”

“ಇದ್ದುದ್ಕೇ ತಾನೆ ಇಟ್ಟಿದ್ದು!”

“ಆಮೇಲೆ ಯಾವತ್ತಾದ್ರೂ ಇಟ್ರಾ?”

“ಎಲ್ಲಿ ಬಂತು? ದೀಪಾವಳಿ ಕಳೆದ್ಮೇಲೆ ದ್ಯಾವಯ್ಯ ಬಂದ್ರು. ಅವ್ರು ಬುದ್ಧನ ಪೋಟಕ್ಕೆ ಒಂದ್ ಊವ ಮಡಗ್ತಾರೆ, ಅಷ್ಟೇಯ. ಕುಂಕ್ಮ ಗಿಂಕ್ಮ ಇಲ್ಲ.”

ಕೆಳಗೆ ಬಾವಿಯೊಳಗೆ ಹೊಳೆಯ ನೀರು ಗೋಡೆಗೆ ಬಡಿಯುತ್ತಿತ್ತು. ಬಿಂದುಶ್ರೀ ಕೆಂಪಾದ ಬೆರಳನ್ನು ನೋಡುತ್ತ ನಿಂತಳು. ಯಾರ ಕೈ ಎಂದು ಅವಳಿಗೆ ಗೊತ್ತಾಗಿತ್ತು.

ಶಿವಕುಮಾರ್ ಕಾಲ ಮೇಲಿನ ಕಾಲು ಇಳಿಸಿದರು. ಅವಳ ತೋಳು ಹಿಡಿದು ಹೊಳೆಯ ಕಡೆಯ ಕಿಟಕಿಗೆ ಕರೆದೊಯ್ದರು.

“ಯಾರು ಅಂತ ಗೊತ್ತಾಯ್ತಾ?”

“ಗೊತ್ತಾಯ್ತು ಸರ್.”

“ನಮ್ಮವರಾ?”

“ಹೂಂ.”

“ಹಾಗಾದ್ರೆ ಬಿಟ್ಬಿಡು. ಆ ಕುಂಕುಮ ಒರೆಸು, ಟೇಪು ಕಿತ್ತು ಜೇಬಿಗೆ ಹಾಕ್ಕೋ. ಮೂಗಿಗಿಂತ ಮೂಗುತಿ ಭಾರ ಮಾಡ್ಕೋಬೇಡ. ದ್ಯಾವಯ್ಯನಿಗೆ ನಾನು ಬೇರೆ ಕಡೆ ಹೇಳ್ತೀನಿ. ಪೊಲೀಸು ಗಿಲೀಸು ಬೇಡ ಅಂತೀನಿ. ಯಾರಿಗೂ ನಷ್ಟ ಇಲ್ಲ.”

ಯಾರಿಗೂ ನಷ್ಟ ಇಲ್ಲ. ಕಿವಿ ಹಿಡಿದು ಎಳೆದರೆ ಒಂದು ಕ್ಷಣದ ಕೆಲಸ. ಅದನ್ನು ಬಿಟ್ಟದ್ದೇ ಹಾಗೆ ಎಳೆಯಲಿಕ್ಕೆ. ಕಿಟಕಿಯ ಇನ್ನೊಂದು ಮಗ್ಗುಲಿಗೆ ಹೊಂಗೆಮರ ಕಾಣುತ್ತಿತ್ತು. ಹೊನ್ನಕ್ಕ ಗೇಟಿನ ಕಡೆಗೇ ಕಣ್ಣು ನೆಟ್ಟು ಕೂತಿದ್ದಳು. ಬಿಂದುಶ್ರೀಗೆ ತನ್ನ ಮೇಲೆ ಹೇಸಿಗೆಯಾಯಿತು. ಅಲ್ಲಿಂದ ತಿರುಗಿ ಬಂದು, ಬ್ಯಾಗಿನಿಂದ ಬೀಗದ ಗೊಂಚಲು ತೆಗೆದಳು.

“ಎಲ್ಲರೂ ಇಲ್ಲಿ ಬನ್ನಿ. ಎರಡನೇ ಪ್ಯಾನಲ್ ತೆಗೀತೀನಿ. ಆಯುಧಪೂಜೆಗೂ ಮೊದಲು, ಟ್ರಯಲ್ ರನ್ ದಿನ ಇದು ಓಡಿತ್ತು. ಆಮೇಲೆ ವಾಲ್ವು ಕೆಟ್ಟು, ನಾವೇ ಬೀಗ ಹಾಕಿದ್ವಿ. ದ್ಯಾವಯ್ಯನೋರೇ, ಈ ಬೀಗದ ಕೈ ಯಾವತ್ತಾದ್ರೂ ನಿಮ್ಮ ಹತ್ತಿರ ಇತ್ತಾ?”

“ಇಲ್ಲ.”

“ಮಂಜುನಾಥ?”

“ಇಲ್ಲ ಮೇಡಂ!”

ಬೀಗ ತೆಗೆದಳು. ಬಾಗಿಲು ಕಿರ್ ಎಂದಿತು. ಟಾರ್ಚಿನ ಬೆಳಕು ಬಿತ್ತು. ಒಳಗೆ—ಅದೇ ತುಂಡು ವೈರು. ಅದೇ ಹಳದಿ ಟೇಪು. ಅದೇ ಮಡಚಿದ ಕಿವಿ. ಕುಂಕುಮ ಮಾತ್ರ ಇರಲಿಲ್ಲ.

ದೇವರಾಜ್ ಬಾಯಿ ತೆರೆದವರು ಮುಚ್ಚಲಿಲ್ಲ. ತಾವು ಬೆಳಿಗ್ಗೆಯಿಂದ ಹಾಕಿ ಹಾಕಿ ಎಂದು ಒತ್ತಾಯಿಸುತ್ತಿದ್ದ ಪಂಪು ಇದೇ. ಹಾಕಿದ್ದರೆ ಇದೂ ಬೂದಿಯಾಗುತ್ತಿತ್ತು.

“ಟ್ರಯಲ್ ರನ್ ದಿನ ನೆನಪಿದೆಯಾ ಸರ್?” ಎಂದಳು ಬಿಂದುಶ್ರೀ. “ಅಲ್ಲಿ ಶುದ್ಧೀಕರಣ ಘಟಕದಲ್ಲಿ ದೊಡ್ಡವರೆಲ್ಲ ಹಾರ ಹಾಕ್ಕೊಂಡು ನೀರು ಬೀಳೋದನ್ನೇ ಕಾಯ್ತಿದ್ರು. ಇಲ್ಲಿ ವೋಲ್ಟೇಜು ಏರುಪೇರು. ಪ್ರಿವೆಂಟರು ಅದರ ಕೆಲಸ ಅದು ಸರಿಯಾಗೇ ಮಾಡ್ತಿತ್ತು, ಮೋಟಾರನ್ನ ನಿಲ್ಲಿಸ್ತಾನೇ ಇತ್ತು. ಫೋನಿನ ಮೇಲೆ ಫೋನು. ಆಗ ಒಬ್ಬರು ಎರಡು ಪ್ಯಾನಲ್ಲಿಗೂ ಒಂದೊಂದು ತುಂಡು ವೈರು ಹಾಕಿದ್ರು. ಕಾರ್ಯಕ್ರಮ ಮುಗಿದ ತಕ್ಷಣ ಬಿಚ್ಚೋದು ಅಂತ. ಅದಕ್ಕೇ ಈ ಕಿವಿ.”

“ಯಾರು?” ಎಂದರು ದೇವರಾಜ್.

ಅವಳು ಮಂಜುನಾಥನ ಕೈಯಿಂದ ಟೇಪಿನ ಸುರುಳಿ ತೆಗೆದುಕೊಂಡಳು. ಮೇಜಿನ ಮೇಲಿದ್ದ ಬರಿಯ ವೈರಿಗೆ ಸುತ್ತಿದಳು. ಒಂದು ಸುತ್ತು, ಎರಡು ಸುತ್ತು. ತುದಿಗೆ ಬಂದಾಗ, ಅವಳು ಬೇಕೆಂದೇನೂ ಮಾಡಬೇಕಾಗಲಿಲ್ಲ. ಬೆರಳುಗಳು ತಾವಾಗಿಯೇ ಉಗುರಿನಷ್ಟು ಟೇಪನ್ನು ಮಡಚಿ ಕಿವಿ ಬಿಟ್ಟವು. ಅದನ್ನು ಮೇಜಿನ ಮೇಲಿಟ್ಟಳು.

“ಅಪರಾಧಿ ನಾನು. ನೀರು ಬಿದ್ದ ಕೂಡಲೇ ಅರಕಲಗೂಡಿನ ಕೆಲಸಕ್ಕೆ ಕರೆ ಬಂತು, ಹೊರಟುಬಿಟ್ಟೆ. ಹೋದ ಕಡೆಯೆಲ್ಲ ಹೀಗೆ ಹಾಕ್ತೀನಿ, ಹೋಗೋವಾಗ ಬಿಚ್ತೀನಿ. ಇಲ್ಲೂ ಬಿಚ್ಚಿದ್ದೀನಿ ಅಂತಲೇ ನಂಬಿದ್ದೆ. ನನ್ನ ಕೈಯಲ್ಲೇ ಕಟ್ಟಿದ್ದು ಫೋಟೊದಲ್ಲಿ ನನಗೇ ಗುರುತು ಸಿಗಲಿಲ್ಲ.”

ಶಿವಕುಮಾರ್ “ಥತ್” ಎಂದು ಮುಖ ತಿರುಗಿಸಿದರು. ಚನ್ನಪ್ಪ ಬೀಡಿಯನ್ನು ಕಿವಿಯ ಸಂದಿಯಿಂದ ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡ. ದ್ಯಾವಯ್ಯ ಮೇಜಿನ ಮೇಲಿನ ವೈರನ್ನು ಎತ್ತಿ, ಆ ಪುಟ್ಟ ಕಿವಿಯನ್ನು ಬೆರಳಲ್ಲಿ ಸವರಿ ನೋಡಿದ.

“ವೈರ್ ಮರ್ತಿದ್ದು ಸರಿ. ಮನ್ಸರು ಅಂದ್ಮೇಲೆ ಮರೀತಾರೆ, ಅದೇನ್ ದೊಡ್ದಲ್ಲ. ಬೆಳಿಗ್ಗೆ ಆ ಪೋಟಕ್ಕೆ ಉತ್ರ ಬರ್ದೋರು ಯಾರು? ಈ ಸಾಯೇಬ್ರು ಆಗ್ಲೇ ಅಂದ್ರಲ್ಲ, ತೀರ್ಪು ಅಂತ?”

“ಅದೂ ನಾನೇ.”

“ನಾನೇ ಮಾಡ್ದೆ ಅಂತ ಎಂಗ್ ಗೊತ್ತಾಯ್ತು ನಿಮ್ಗೆ?”

ಇದಕ್ಕೆ ಮರೆವು ಎನ್ನಲು ಬರುವುದಿಲ್ಲ.

“ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಏನಾದ್ರೂ ಕೆಟ್ರೆ ಆಪರೇಟರ್ ಅನ್ನೋದು ನಮ್ಮಲ್ಲಿ ಅಭ್ಯಾಸ. ನನ್ನ ಬಾಯಲ್ಲೂ ಅದೇ ಬಂತು.”

ದ್ಯಾವಯ್ಯ ತಲೆಯಾಡಿಸಿದ. ಕ್ಷಮಿಸಿದೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ದೇವರಾಜ್ ಕೆಮ್ಮಿ, ಕಚೇರಿಗೆ ಫೋನು ಮಾಡಿ, ದ್ಯಾವಯ್ಯ ಕೆಲಸದ ಮೇಲಿದ್ದಾನೆ, ದೂರು ಬೇಡ ಎಂದು ಗಟ್ಟಿಯಾಗಿ ಹೇಳಿದರು. ಅಷ್ಟರಲ್ಲಿ ಲೈನ್‌ಮನ್ನಿನ ಕರೆಯೂ ಬಂತು: ಫ್ಯೂಸು ಹಾಕಿಯಾಯಿತು.

ಬಿಂದುಶ್ರೀ ಎರಡನೇ ಪ್ಯಾನಲ್ಲಿನ ಕಿವಿ ಹಿಡಿದು ಎಳೆದಳು. ಟೇಪು ಸರ್ರನೆ ಬಿಚ್ಚಿಕೊಂಡಿತು, ವೈರು ಕೈಗೆ ಬಂತು. ಮೂರು ಫೇಸುಗಳನ್ನೂ ಅಳೆದು ನೋಡಿ, “ಹಾಕಿ” ಎಂದಳು. ದ್ಯಾವಯ್ಯ ಬಟನ್ ಒತ್ತಿದ. ನೆಲ ಸಣ್ಣಗೆ ನಡುಗಿತು, ಕೊಳವೆಯಲ್ಲಿ ನೀರು ಏರುವ ಸದ್ದು ಕೇಳಿತು.

ಅವಳು ಫೋನು ತೆಗೆದು ಅದೇ ಗುಂಪಿಗೆ ಬರೆದಳು: ‘ಬೆಳಿಗ್ಗೆ ನಾನು ಬರೆದದ್ದು ಸುಳ್ಳು. ಆ ವೈರು ಹಾಕಿದ್ದು ದ್ಯಾವಯ್ಯ ಅಲ್ಲ, ನಾನು.’ ಬೆಳಿಗ್ಗೆ ಹೆಬ್ಬೆರಳೆತ್ತಿದವರು ಎಲ್ಲರೂ ನೋಡಿದರು. ಈಗ ಒಬ್ಬರೂ ಏನೂ ಒತ್ತಲಿಲ್ಲ.

“ಒರಗೆ ಕುಂತವ್ಳೆ ನಿಮ್ಮ ಚಿಕ್ಕವ್ವ,” ಎಂದ ದ್ಯಾವಯ್ಯ, ಮೀಟರಿನ ಮೇಲಿಂದ ಕಣ್ಣು ತೆಗೆಯದೆ. “ಬೆಳಿಗ್ಗಿಂದ ಉಂಡಿಲ್ಲ. ಅವ್ಳಿಗೆ ನೀವೇ ಏಳಿ. ನಾನು ಏಳಾಕಿಲ್ಲ.”

ಗೇಟಿನವರೆಗಿನ ದಾರಿ ಚಿಕ್ಕದು. ಈಗ ಮಾತ್ರ ಉದ್ದವಾಯಿತು. ಪಂಪಿನ ಸದ್ದು ಕೇಳಿ ಹೊನ್ನಕ್ಕ ಆಗಲೇ ಎದ್ದು ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

“ನಂಗೊತ್ತಿತ್ತು ಕಣವ್ವ! ನನ್ನ ಕಂಕುಳಲ್ಲಿ ಬೆಳೆದ ಕೂಸು, ನನ್ನ ಕೈ ಬಿಡ್ತದಾ?” ಎಂದು ಅವಳ ಗಲ್ಲ ಸವರಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. “ಅವನು ಸಿಕ್ನೇನವ್ವ? ಆ ಪೋಟ ನೋಡ್ದೋನು?”

“ಸಿಕ್ಕಿದ ಚಿಕ್ಕವ್ವ.”

“ಎಲ್ಲವ್ನೆ? ಒಳಗಾ?”

ಬಿಂದುಶ್ರೀ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಹೊನ್ನಕ್ಕ ಕೇಳಿದ್ದನ್ನು ಕೊಟ್ಟಂತಾಗುತ್ತಿರಲಿಲ್ಲ. ಗಲ್ಲದ ಮೇಲಿದ್ದ ಆ ಒರಟು ಅಂಗೈಯನ್ನು ಅಲ್ಲೇ ಹಿಡಿದುಕೊಂಡು ಹೇಳಿದಳು:

“ಮುಖ ನೋಡಬೇಕು ಅಂದ್ಯಲ್ಲ ಚಿಕ್ಕವ್ವ. ನೋಡು.”